ಕೆರೆದ ನೆಲ

ನಮ್ಮ ಕಾಲೇಜಿನ ನಾಟಕ ತಂಡದಲ್ಲಿ ಒಂದು ಕಟ್ಟಳೆ ಇತ್ತು. ಸ್ಟೇಜ್ ಮ್ಯಾನೇಜರ್ ಆದವರು ಆಡಿಶನ್ ಕೊಡುವಂತಿಲ್ಲ. ಯಾರು ಮಾಡಿದ ಕಟ್ಟಳೆ ಎಂದು ಕೇಳಿದರೆ ಯಾರಿಗೂ ಗೊತ್ತಿಲ್ಲ. ಮುರಿಯಬಹುದೇ ಎಂದು ಕೇಳಿದರೆ ಮಾತ್ರ ಎಲ್ಲರಿಗೂ ಉತ್ತರ ಗೊತ್ತಿತ್ತು.

ನಾನು ಸೇರಿದ ವರ್ಷ ನಟಿಸಬೇಕೆಂದೇ ಸೇರಿದ್ದೆ. ಅವರು ನನ್ನ ಮುಖ ನೋಡಲಿಲ್ಲ, ಕೈ ನೋಡಿದರು. ಗಟ್ಟಿ ಇದೆ ಎಂದರು. ಹಲಗೆ ಹೊರಿಸಿದರು. ಪರದೆ ಕಟ್ಟಿಸಿದರು. ಏಣಿ ಹತ್ತಿಸಿ ದೀಪ ತೂಗುಹಾಕಿಸಿದರು. ವರ್ಷ ಕಳೆಯುವಷ್ಟರಲ್ಲಿ 'ನಿನ್ನಂಥ ಸ್ಟೇಜ್ ಮ್ಯಾನೇಜರ್ ಸಿಗಲ್ಲ ಕಣೇ' ಎಂದು ಬೆನ್ನು ತಟ್ಟಿದರು. ಬೆನ್ನು ತಟ್ಟುವವರಿಗೇನು ಕಷ್ಟ? ಹೊರೆ ಇದ್ದದ್ದು ನನ್ನ ಬೆನ್ನ ಮೇಲೆ.

ನನ್ನ ಅಮ್ಮ ಅದೇ ಕಾಲೇಜಿನಲ್ಲಿ ಕಸ ಗುಡಿಸುವವಳು. ಗುಡಿಸುವುದು ಬಾಯಿಮಾತಿಗೆ. ಕಕ್ಕಸು ತೊಳೆಯುತ್ತಾಳೆ. ವಾಂತಿ ಬಳಿಯುತ್ತಾಳೆ. ಕಟ್ಟಿಕೊಂಡ ಮೋರಿಗೆ ಮೊಣಕೈವರೆಗೆ ಕೈ ಹಾಕುತ್ತಾಳೆ. ಮೆಟ್ಟಿಲ ಕೆಳಗಿನ ಸಂದಿಯಲ್ಲಿ ಬಕೆಟ್ಟುಗಳ ನಡುವೆ ಕೂತು ಬುತ್ತಿ ಉಣ್ಣುತ್ತಾಳೆ. ಸಿಬ್ಬಂದಿಯ ಕೋಣೆಯಲ್ಲಿ ಕುರ್ಚಿಗಳು ಖಾಲಿ ಬಿದ್ದಿರುತ್ತವೆ. ಅವುಗಳನ್ನು ಅವಳು ಒರೆಸಬಹುದು, ಕೂರುವಂತಿಲ್ಲ. ಇದೆಲ್ಲ ತಂಡದವರಿಗೆ ಗೊತ್ತಿತ್ತು. ನಾನು ಮುಚ್ಚಿಟ್ಟಿರಲಿಲ್ಲ. ನಾಚಿಕೆ ಪಡಬೇಕಾದವರು ಅವಳನ್ನು ಅಲ್ಲಿ ಕೂರಿಸಿದವರು, ನಾನಲ್ಲ.

ಕಾಲೇಜಿನ ರಂಗಮಂದಿರದ ನೆಲ ಮರದ್ದು. ನಟರು ಎಲ್ಲಿ ನಿಲ್ಲಬೇಕು, ಮೇಜು ಎಲ್ಲಿ ಬರಬೇಕು ಎಂಬ ಗುರುತಿಗೆ ನಾಟಕದವರು ಅದರ ಮೇಲೆ ಟೇಪು ಅಂಟಿಸುತ್ತಾರೆ. ನಾಟಕ ಮುಗಿದ ಮೇಲೆ ಚಪ್ಪಾಳೆ, ಅಪ್ಪುಗೆ, ಫೋಟೊ. ಟೇಪು ನೆಲದಲ್ಲೇ ಬಿದ್ದಿರುತ್ತದೆ. ಅಂಟು ಕಪ್ಪಾಗಿ ಮರಕ್ಕೆ ಕಚ್ಚಿಕೊಳ್ಳುತ್ತದೆ. ಅಮ್ಮ ಮಂಡಿಯೂರಿ ಅದನ್ನು ಕೆರೆಯುತ್ತಾಳೆ. ಅದಕ್ಕೆಂದೇ ಒಂದು ತಗಡು ಇಟ್ಟುಕೊಂಡಿದ್ದಾಳೆ. ಹಳೆಯ ಡಬ್ಬಿಯ ಮುಚ್ಚಳವನ್ನು ಬಡಿದು ಚಪ್ಪಟೆ ಮಾಡಿ, ಒಂದು ತುದಿಗೆ ಬಟ್ಟೆ ಸುತ್ತಿ ಅವಳೇ ಮಾಡಿಕೊಂಡದ್ದು. ಕಾಲೇಜು ಅವಳಿಗೆ ಪೊರಕೆ ಕೊಟ್ಟಿದೆ, ಬಕೆಟ್ಟು ಕೊಟ್ಟಿದೆ. ಟೇಪಿನ ಅಂಟು ಎಂಬುದೊಂದು ಇದೆ ಎಂದು ಕಾಲೇಜಿಗೆ ಗೊತ್ತೇ ಇಲ್ಲ.

ನಾನು ತಂಡ ಸೇರಿದ ಮೂರನೇ ವರ್ಷ ನಿರ್ದೇಶಕನಾಗಿದ್ದವನು ಕೊನೆಯ ವರ್ಷದ ವಿದ್ಯಾರ್ಥಿ. ಎಲ್ಲರೂ ಅವನನ್ನು ಕ್ರಾಂತಿ ಎನ್ನುತ್ತಿದ್ದರು. ಮಾತೆತ್ತಿದರೆ ಕ್ರಾಂತಿ. ಕ್ಯಾಂಟೀನಿನಲ್ಲಿ ತಿಂದ ತಟ್ಟೆಯನ್ನು ಮೇಜಿನ ಮೇಲೇ ಬಿಟ್ಟು ಎದ್ದು ಹೋಗುವಾಗಲೂ ಬಾಯಲ್ಲಿ ಕ್ರಾಂತಿಯೇ.

ಅವನು ಅಮ್ಮನ ಬೆನ್ನು ಹತ್ತಿದ. ಮೆಟ್ಟಿಲ ಕೆಳಗೆ ಬಗ್ಗಿಕೊಂಡು ಬಂದು ಬಕೆಟ್ಟಿನ ಪಕ್ಕ ಕೂತ. ಮಾತುಮಾತಿಗೂ 'ಅಮ್ಮಾ' ಎಂದ. ಅವಳ ಫ್ಲಾಸ್ಕಿನ ಟೀ ಕುಡಿದ. ಅಮ್ಮ ಮನೆಗೆ ಬಂದು ಅದನ್ನೇ ಹೇಳಿದಳು.

"ಎಂಥಾ ಒಳ್ಳೇ ಹುಡುಗನೇ ಅವನು! ನನ್ನ ಲೋಟದಲ್ಲೇ ಕುಡಿದ. ಒರೆಸ್ಕೊಳ್ಳೋಕೂ ಹೋಗ್ಲಿಲ್ಲ."

ಅಷ್ಟಕ್ಕೇ ಅವಳು ಕರಗಿಹೋದಳು. ಒಂದು ಲೋಟ ಟೀಗೆ ತನ್ನ ಬದುಕನ್ನೆಲ್ಲ ಅವನ ಮುಂದೆ ಬಿಚ್ಚಿಟ್ಟಳು. ಅವನು ಅದನ್ನು ನಾಟಕ ಮಾಡಿದ.

ಬರೆದದ್ದನ್ನು ತಂಡದ ಮುಂದೆ ಓದಿದ ದಿನ ನಾನು ಕುರ್ಚಿ ಜೋಡಿಸಿ ಹಿಂದೆ ನಿಂತಿದ್ದೆ. ಅದರಲ್ಲೊಂದು ದೃಶ್ಯ. ಮೇಲ್ವಿಚಾರಕ ನೆಲದ ಮೇಲಿನ ಕಲೆ ತೋರಿಸುತ್ತಾನೆ. ಕಸದವಳು ಕಾಣಲ್ಲ ಎನ್ನುತ್ತಾಳೆ. ಅವನು ಅವಳ ಕತ್ತು ಹಿಡಿಯುತ್ತಾನೆ. ಬಗ್ಗು. ಇನ್ನೂ ಬಗ್ಗು. ಮೂಗು ತಾಗಲಿ. ಈಗ ಕಾಣ್ತಾ?

 ಒಂದು ಸಂಜೆ ಅಮ್ಮ ಮೂಗು ಊದಿಸಿಕೊಂಡು ಮನೆಗೆ ಬಂದಿದ್ದಳು. ಬಾಗಿಲು ಬಡೀತು ಅಂದಿದ್ದಳು. ನಾನು ನಂಬಿದ್ದೆ. ನನ್ನ ಅಮ್ಮನಿಗೆ ಏನಾಯಿತೆಂಬುದನ್ನು ಇಷ್ಟು ಜನರ ಜೊತೆ, ನಾನೇ ಜೋಡಿಸಿದ ಕುರ್ಚಿಗಳ ಹಿಂದೆ ನಿಂತು, ನಾನೂ ಮೊದಲ ಸಲ ಕೇಳಿಸಿಕೊಂಡೆ.

ಕ್ರಾಂತಿಯ ನಾಟಕದಲ್ಲಿ ಆಮೇಲೆ ಕಸದವಳು ಎದ್ದು ನಿಲ್ಲುತ್ತಾಳೆ. ಬ್ರಶ್ಶನ್ನು ಮೇಲ್ವಿಚಾರಕನ ಮುಖಕ್ಕೆ ಎಸೆದು 'ಇನ್ನು ಬಗ್ಗಲ್ಲ!' ಎಂದು ಕೂಗುತ್ತಾಳೆ. ಕೂತವರೆಲ್ಲ ಚಪ್ಪಾಳೆ ತಟ್ಟಿದರು. ಒಬ್ಬಳು ಕಣ್ಣು ಒರೆಸಿಕೊಂಡಳು. ನನಗೆ ಮೈ ಉರಿಯಿತು. ನನ್ನ ಅಮ್ಮ ಏನನ್ನೂ ಎಸೆದಿರಲಿಲ್ಲ. ಎಸೆದಿದ್ದರೆ ಮರುದಿನ ಅವಳಿಗೆ ಕೆಲಸವಿರುತ್ತಿರಲಿಲ್ಲ, ನಾನು ಆ ಕಾಲೇಜಿನ ಮೆಟ್ಟಿಲು ಹತ್ತುತ್ತಿರಲಿಲ್ಲ. ಅವಳು ಕಲೆ ಒರೆಸಿದಳು. ಮನೆಗೆ ಬಂದು ಅಡುಗೆ ಮಾಡಿ ನನಗೆ ಬಡಿಸಿದಳು.

ಆ ಪಾತ್ರ ನನ್ನದು ಎಂದು ಆಗಲೇ ನಿಶ್ಚಯ ಮಾಡಿದೆ. ಆಸೆಯಲ್ಲ, ಹಟ. ಅವಳನ್ನು ಇನ್ನೊಬ್ಬರ ಬಾಯಿಗೆ ಬಿಡಬಾರದು ಎಂಬ ಹಟ. ಕ್ರಾಂತಿಯನ್ನು ಪರದೆ ಹಿಂದೆ ಹಿಡಿದೆ.

"ನಾನೂ ಆಡಿಶನ್ ಕೊಡ್ತೀನಿ."

"ನೀನಾ? ಅದ್ಹೇಗೆ ಆಗುತ್ತೆ? ನೀನು ಒಳಗೆ ನಿಂತ್ರೆ ಹೊರಗೆ ನೋಡ್ಕೊಳ್ಳೋರು ಯಾರು?"

"ಓದೋಕೆ ಬಿಡು ಸಾಕು. ಚೆನ್ನಾಗಿಲ್ಲ ಅಂದ್ರೆ ಬಾಯಿ ಮುಚ್ಕೊಂಡು ಏಣಿ ಹತ್ತೀನಿ."

ಅವನು ಗಡ್ಡ ಕೆರೆದುಕೊಂಡ. ಹಲ್ಲು ಬಿಟ್ಟ.

"ಸರಿ ಕಣೇ. ಆಡಿಶನ್ ಅಚ್ಚುಕಟ್ಟಾಗಿ ನಡೆಸ್ಕೊಡು. ಎಲ್ಲರದ್ದೂ ಮುಗಿದ ಮೇಲೆ ಕೊನೇಲಿ ನೀನೂ ಓದು. ಎಷ್ಟಾದ್ರೂ ನಿಮ್ಮನೆ ಕಥೆ ಅಲ್ವಾ?"

ಮನೆಯಲ್ಲಿ ಹೇಳಿದೆ. ಅಮ್ಮನ ಮುಖ ಅರಳಿತು.

"ನಾನೂ ಬರ್ಲಾ? ಹಿಂದೆ ಗೋಡೆ ಹತ್ರ ನಿಂತ್ಕೊಂಡು ಕೇಳ್ತೀನಿ. ಯಾರ ಕಣ್ಣಿಗೂ ಬೀಳಲ್ಲ."

"ಯಾಕೆ ನಿಂತ್ಕೋತೀಯಾ? ಕುರ್ಚಿ ಹಾಕ್ತೀನಿ. ಕೂತ್ಕೊಂಡು ಕೇಳು."

"ಕುರ್ಚಿ ಎಲ್ಲಾ ಬೇಡ ಬಿಡೇ. ಅಭ್ಯಾಸ ಇಲ್ಲ."

ಆಡಿಶನ್ ಅಂದರೆ ಬಂದು ಓದಿ ಹೋಗುವುದು ಎಂದುಕೊಂಡವರು ಒಂದು ದಿನ ನನ್ನ ಜಾಗದಲ್ಲಿ ನಿಲ್ಲಲಿ. ಯಾರಿಗೆ ಯಾವ ಹೊತ್ತಿನಲ್ಲಿ ಪಾಠವಿಲ್ಲ ಎಂದು ಒಬ್ಬೊಬ್ಬರನ್ನೇ ಕೇಳಿ ಸಮಯ ಗೊತ್ತು ಮಾಡಬೇಕು. ಓದುವ ದೃಶ್ಯದ ಪ್ರತಿ ತೆಗೆಸಿ ಮೊದಲೇ ಮುಟ್ಟಿಸಬೇಕು. ಕಾಯುವವರಿಗೆ ಹೊರಗೆ ಬೆಂಚು ಎಳೆದು ಹಾಕಬೇಕು, ಎದೆಗೆ ನಂಬರು ಚುಚ್ಚಬೇಕು, ನೀರು ಇಡಬೇಕು. ಅಳುಮುಂಜಿಗಳನ್ನು ಸಮಾಧಾನ ಮಾಡಬೇಕು, ಜಂಬದವರ ಜಂಬ ಸಹಿಸಬೇಕು. ಒಳಗೆ ಒಬ್ಬಳು ಓದುವಾಗ ಹೊರಗೆ ಒಬ್ಬರೂ ಕೆಮ್ಮದಂತೆ ನೋಡಿಕೊಳ್ಳಬೇಕು. ಹಿಂದಿನ ಸಂಜೆಯೇ ನೆಲಕ್ಕೆ ಟೇಪು ಹಾಕಬೇಕು. ಓದುವವಳ ಮುಖಕ್ಕೆ ಬೆಳಕು ಬೀಳುವ ಜಾಗಕ್ಕೆ ಬಿಳಿ ಟೇಪಿನ ಅಡ್ಡಗೆರೆ. ಕಾಯುವವರು ದಾಟಬಾರದ ಕಡೆ ಉದ್ದ ಗೆರೆ. ಮೂಲೆಯಲ್ಲಿ ನನ್ನ ಜಾಗಕ್ಕೆ ಒಂದು ಚುಕ್ಕೆ.

ಎದುರು ಪಾತ್ರ ಓದುವುದೂ ನನ್ನ ಕೆಲಸವೇ. ಬಂದ ಹುಡುಗಿಯರೆಲ್ಲ ಕಸದವಳಾಗುತ್ತಾರೆ. ಪ್ರತಿಯೊಬ್ಬಳಿಗೂ ಮೇಲ್ವಿಚಾರಕ ನಾನು. ಅದಕ್ಕೂ ಕ್ರಾಂತಿಯ ತಾಕೀತು ಇತ್ತು. "ನೀನು ನಟಿಸೋಕೆ ಹೋಗ್ಬೇಡ. ಗೋಡೆ ಥರ ಓದು. ಇಲ್ದಿದ್ರೆ ಅವರ ನಟನೆ ಕಾಣಲ್ಲ."

ಇಷ್ಟೆಲ್ಲ ಚಾಕರಿಗೆ ಸ್ಟೇಜ್ ಮ್ಯಾನೇಜರಿಗೆ ಇರುವುದು ಒಂದೇ ಅಧಿಕಾರ. ಹೋಲ್ಡ್. ಅವಳು ಹೋಲ್ಡ್ ಎಂದರೆ ರಂಗದ ಮೇಲಿರುವವರು, ಕೆಳಗಿರುವವರು, ನಿರ್ದೇಶಕ, ಎಲ್ಲರೂ ಇದ್ದಲ್ಲೇ ನಿಲ್ಲಬೇಕು. ಮೇಲಿನ ದೀಪ ಕಳಚಿರಬಹುದು, ಹಲಗೆ ಜಾರಿರಬಹುದು. ಅವಳು 'ಬಿಡಿ' ಎನ್ನುವವರೆಗೆ ಯಾರೂ ಅಲ್ಲಾಡುವಂತಿಲ್ಲ. ಹೊಸಬರಿಗೆ ಮೊದಲ ದಿನವೇ ಇದನ್ನು ಮೈಗೆ ಹತ್ತಿಸುತ್ತೇವೆ. ಒಮ್ಮೆ ಏಣಿ ವಾಲಿದಾಗ ನಾನು ಹೋಲ್ಡ್ ಎಂದು ಕಿರುಚಿದ್ದಕ್ಕೇ ಕ್ರಾಂತಿಯ ತಲೆ ಉಳಿದಿತ್ತು.

ಆಡಿಶನ್ ದಿನ ಬೆಳಿಗ್ಗೆ ರಂಗಮಂದಿರದ ಬಾಗಿಲು ತಳ್ಳಿದೆ.  ನೆಲದ ಮೇಲೆ ಒಂದೂ ಟೇಪಿಲ್ಲ. ನಟ್ಟನಡುವೆ ಅಮ್ಮ ಮಂಡಿಯೂರಿ ಕೂತು ಕೊನೆಯ ತುಂಡನ್ನು ಎಬ್ಬಿಸುತ್ತಿದ್ದಳು.

"ಬಂದ್ಯಾ? ನೋಡು, ಹೆಂಗೆ ಹೊಳೀತಿದೆ ನೆಲ! ಯಾರೋ ಕೊಳಕರು ಮತ್ತೆ ಅಂಟಿಸಿ ಹೋಗಿದ್ರು. ನನ್ನ ಮಗಳು ನಿಲ್ಲೋ ದಿನಾನೇ ಹಿಂಗಾ ಅಂತ ಬೇಗ ಬಂದು ಎಲ್ಲಾ ಕೆರೆದು ಹಾಕ್ದೆ."

"ಆ ಕೊಳಕಿ ನಾನೇ ಕಣಮ್ಮ."

ಅವಳು ಕೈಯಲ್ಲಿದ್ದ ತಗಡು ನೋಡಿದಳು, ನನ್ನ ಮುಖ ನೋಡಿದಳು. "ಅಯ್ಯೋ ನನ್ನ ಬುದ್ಧಿಗಿಷ್ಟು!" ಎಂದು ಹಣೆ ಚಚ್ಚಿಕೊಂಡಳು. ನನಗೆ ನಗು ತಡೆಯಲಾಗಲಿಲ್ಲ. ಅವಳೂ ನಕ್ಕಳು. ಖಾಲಿ ರಂಗಮಂದಿರದಲ್ಲಿ ನಾವಿಬ್ಬರೂ ಹೊಟ್ಟೆ ಹಿಡಿದುಕೊಂಡು ನಕ್ಕೆವು. ಆ ದಿನ ನಾವು ನಕ್ಕದ್ದು ಅಷ್ಟೇ.

ನಾನು ಟೇಪಿನ ಸುರುಳಿ ತೆಗೆಯುವಷ್ಟರಲ್ಲಿ ಕ್ರಾಂತಿ ಬಂದ. ಹಿಂದೆ ಆಯ್ಕೆ ಮಾಡುವ ಅವನ ಗೆಳೆಯರು. ನೆಲ ನೋಡಿದವನೇ ಅರಚಿದ.

"ಯಾರು ಕಿತ್ತಿದ್ದು ಇದನ್ನ? ಏನ್ರೀ, ತಲೆ ಇದೆಯಾ ನಿಮಗೆ? ಕೇಳ್ದೆ ಕೈ ಹಾಕೋಕೆ ಯಾರು ಹೇಳಿದ್ದು?"

ಮೆಟ್ಟಿಲ ಕೆಳಗಿನ 'ಅಮ್ಮಾ' ಎಲ್ಲಿ ಹೋಯಿತೋ. ಟೀ ಅರಗಿಹೋಗಿತ್ತು ಎಂದು ಕಾಣುತ್ತದೆ.

"ತಪ್ಪಾಯ್ತಪ್ಪ" ಎಂದಳು ಅಮ್ಮ. ಬೈದ ಕೂಡಲೇ ಅವಳ ಮೈ ತಾನಾಗಿ ಮಂಡಿಗೆ ಇಳಿಯಿತು. ಇಲ್ಲದ ಅಂಟನ್ನು ಹುಡುಕಿ ಕೆರೆಯತೊಡಗಿದಳು. ಅದೊಂದು ಅಭ್ಯಾಸ. ಬಗ್ಗಿ ಏನಾದರೂ ಮಾಡುತ್ತಿದ್ದರೆ ಬೈಯುವವರು ಬೇಗ ಸುಮ್ಮನಾಗುತ್ತಾರೆ ಎಂದು ವರ್ಷಗಳಿಂದ ಕಲಿತದ್ದು.

ಕ್ರಾಂತಿ ಸುಮ್ಮನಾದ. ತಲೆ ಓರೆ ಮಾಡಿ ನೋಡಿದ. ಎರಡೂ ಕೈ ಬೆರಳು ಸೇರಿಸಿ ಚೌಕಟ್ಟು ಮಾಡಿ ಅದರೊಳಗಿಂದ ನನ್ನ ಅಮ್ಮನನ್ನು ನೋಡಿದ.

"ಹಾಗೇ ಇರಿ ಅಮ್ಮಾ, ಏಳ್ಬೇಡಿ. ನೋಡ್ರೋ, ಆ ಬೆನ್ನು ನೋಡ್ರೋ. ಯಾವ ನಟಿ ತರ್ತಾಳೆ ಇದನ್ನ?" ಅವನ ಕಣ್ಣು ಹೊಳೆಯುತ್ತಿತ್ತು. "ಆಡಿಶನ್ ಹೀಗೇ ಮಾಡೋಣ. ಇವರು ಕೆರೀತಾ ಇರ್ಲಿ. ಬರೋ ಹುಡುಗೀರು ಪಕ್ಕದಲ್ಲಿ ಕೂತು ನೋಡ್ಕೊಂಡು ಹಾಗೇ ಮಾಡ್ಲಿ. ಆಮೇಲೆ ಡೈಲಾಗ್."

"ಅವಳಿಗೆ ಕೆಲಸ ಇದೆ," ಎಂದೆ ನಾನು. "ಅವಳೇನು ನಿನ್ನ ಪ್ರದರ್ಶನದ ಬೊಂಬೆ ಅಲ್ಲ."

ಅವನು ನನ್ನ ಹತ್ತಿರ ಬಂದು ತಗ್ಗಿದ ದನಿಯಲ್ಲಿ ಹೇಳಿದ. "ಇವತ್ತು ಕೊನೇಲಿ ಯಾರು ಓದ್ಬೇಕು ಅನ್ನೋದನ್ನ ಮರೀಬೇಡ."

ಅಮ್ಮನಿಗೆ ಕೇಳಿಸಿತು. ಬಗ್ಗಿದವರ ಕಿವಿ ಚುರುಕು.

"ಇರ್ಲಿ ಬಿಡೇ. ಕೆರೆಯೋದು ನನಗೇನು ಹೊಸದಾ? ನೀನು ಓದೋವರೆಗೂ ಇಲ್ಲೇ ಇದ್ದಂಗಾಯ್ತು."

 ಬಾಗಿಲಿಗೆ ಹೋಗಿ ಮೊದಲ ನಂಬರು ಕರೆದೆ.

ಒಬ್ಬೊಬ್ಬಳೇ ಬಂದಳು. ಒಬ್ಬಳು ಬಾಗಿಲಲ್ಲೇ ಮುಸಿಮುಸಿ ನಕ್ಕಳು. ಒಬ್ಬಳು ಮಂಡಿ ಕೆಳಗೆ ಕರ್ಚೀಫು ಹಾಸಿಕೊಂಡು ಕೂತಳು. ಇನ್ನೊಬ್ಬಳು ಅಮ್ಮನ ಮುಖಕ್ಕೆ ಮುಖ ತಂದು ಅವಳು ಉಸಿರು ಬಿಡುವ ರೀತಿಯನ್ನು ಅನುಕರಿಸಿದಳು. ಅಮ್ಮ ಕೆರೆಯುತ್ತಲೇ ಇದ್ದಳು. ಕರ್, ಕರ್. ಶುದ್ಧ ನೆಲದ ಮೇಲೆ ತಗಡು. ಅವಳ ಒಡೆದ ಹಿಮ್ಮಡಿ ದೀಪದ ಬೆಳಕಿನಲ್ಲಿ ಎಲ್ಲರಿಗೂ ಕಾಣುತ್ತಿತ್ತು. ಕುತ್ತಿಗೆಯಿಂದ ಬೆವರು ಇಳಿದು ಕೆರೆದ ಜಾಗಕ್ಕೆ ಬೀಳುತ್ತಿತ್ತು. ಅವಳು ಅದನ್ನೂ ಒರೆಸುತ್ತಿದ್ದಳು. ನಾನು ಮೂಲೆಯಲ್ಲಿ ನಿಂತು ಗೋಡೆಯಂತೆ ಓದಿದೆ. ಬಗ್ಗು. ಇನ್ನೂ ಬಗ್ಗು. ಮೂಗು ತಾಗಲಿ. ಹುಡುಗಿ ಎದ್ದು 'ಇನ್ನು ಬಗ್ಗಲ್ಲ!' ಎಂದು ಕೂಗುವಳು. ಥ್ಯಾಂಕ್ಸ್ ಎಂದು ಹೋಗುವಳು. ಕಾಲ ಬುಡದಲ್ಲಿ ಅಮ್ಮ ಬಗ್ಗಿಯೇ ಇರುವಳು.

ಮೊದಲ ವರ್ಷದ ಒಂದು ಹುಡುಗಿ ಇದ್ದಳು. ಕಾಗದ ಹಿಡಿದ ಕೈ ಗಡಗಡ ಎನ್ನುತ್ತಿದ್ದುದರಿಂದ ಹೊರಗೆ ಬೆಂಚಿನಲ್ಲೇ ಅವಳಿಗೆ ನಡುಕ ಎಂದು ಹೆಸರಿಟ್ಟಿದ್ದರು. ಅವಳು ಅಮ್ಮನ ಪಕ್ಕ ಕೂತವಳು ಡೈಲಾಗು ಮರೆತಳು.

"ಮಂಡಿ ನೋಯಲ್ವಾ ಅಮ್ಮಾ?"

"ನೋಯ್ತದೆ ಮಗಾ. ನೀನು ಏಳು, ಬಟ್ಟೆ ಕೊಳೆ ಆಗ್ತದೆ."

"ಏಕಾಗ್ರತೆ ಇಲ್ಲ ಇವಳಿಗೆ," ಎಂದ ಕ್ರಾಂತಿ. "ಮುಂದಿನವರನ್ನ ಕರಿ."

ಆಗ ನಾನೊಂದನ್ನು ಕಂಡೆ. ಕಂಡವಳು ನಾನೊಬ್ಬಳೇ ಆಗಿರಲಿ ಎಂದು ಬೇಡಿಕೊಂಡೆ. ನಾನು 'ಬಗ್ಗು' ಎಂದಾಗಲೆಲ್ಲ ಅಮ್ಮ ಒಂದಿಷ್ಟು ತಗ್ಗುತ್ತಿದ್ದಳು. ಅವಳಿಗೇ ತಿಳಿಯದೆ. ನಾನು ಓದುತ್ತಿದ್ದದ್ದು ಪಕ್ಕದ ಹುಡುಗಿಗೆ. ತಗ್ಗುತ್ತಿದ್ದದ್ದು ಅಮ್ಮನ ಕತ್ತು. ಆ ಮಾತನ್ನು ಅವಳ ಕತ್ತು ಮರೆತಿರಲಿಲ್ಲ.

ಕೊನೆಗೆ ಗಿಣಿ ಬಂದಳು. ಗಿಣಿ ಎಂದರೆ ತಂಡದ ಖಾಯಂ ನಾಯಕಿ. ಹೇಳಿಕೊಟ್ಟದ್ದನ್ನು ಹಾಗೇ ಒಪ್ಪಿಸುತ್ತಾಳೆ, ಕೊರಳೂ ಚೆಂದ. ಪಾತ್ರ ಅವಳಿಗೇ ಎಂದು ಬೆಂಚಿನ ಮೇಲೆ ಕೂತವರೆಲ್ಲ ಆಗಲೇ ಮಾತಾಡಿಕೊಂಡಿದ್ದರು. ಅವಳು ಅಮ್ಮನ ಮುಂದೆ ನಿಂತು ಕೈ ಚಾಚಿದಳು.

"ಅಮ್ಮಾ, ನಿಮ್ಮ ಏಪ್ರನ್ ಕೊಡ್ತೀರಾ? ಹಾಕ್ಕೊಂಡ್ರೆ ಫೀಲ್ ಬರುತ್ತೆ."

ಅಮ್ಮ ಕೂತಲ್ಲೇ ಏಪ್ರನ್ ಬಿಚ್ಚಿ ಕೊಟ್ಟಳು. ಅದು ಒದ್ದೆಯಾಗಿತ್ತು. ಗಿಣಿ ಎರಡು ಬೆರಳಲ್ಲಿ ಹಿಡಿದು ಮೂಗು ಮುರಿದು ಕಟ್ಟಿಕೊಂಡಳು. ಮಂಡಿಯೂರಿದಳು. ನಾನು ಓದಿದೆ. ಬಗ್ಗು.

ಅಮ್ಮನ ಕತ್ತು ತಗ್ಗಿತು. ಈ ಸಲ ಕ್ರಾಂತಿಯೂ ಕಂಡ. ಕುರ್ಚಿಯಿಂದ ಛಂಗನೆ ಎದ್ದ.

"ನೋಡಿದ್ರಾ? ನೋಡಿದ್ರಾ? ಅದು! ಅದು ಬೇಕು ನನಗೆ. ಗಿಣಿ, ನೀನು ಬರೀ ನೋಡು." ನನ್ನ ಕಡೆ ತಿರುಗಿದ. "ನೀನು ಅಮ್ಮನ ಹತ್ರ ಹೋಗು. ಅವರಿಗೇ ಹೇಳು. ಗೋಡೆ ಥರ ಬೇಡ. ಜೋರಾಗಿ, ಕೊಬ್ಬಿನಿಂದ ಹೇಳು. ನಟಿಸೇ ಈಗ!"

ಮೂರು ವರ್ಷ ಏಣಿ ಹತ್ತಿ ಇಳಿದಿದ್ದೆ. ನಟಿಸು ಎಂದು ನನಗೆ ಹೇಳಿದ್ದು ಅದೇ ಮೊದಲು. ನನ್ನ ಅಮ್ಮನ ಕತ್ತಿನ ಮೇಲೆ ನಿಂತು ನಟಿಸಬೇಕಿತ್ತು.

"ಹೋಲ್ಡ್."

ಅಷ್ಟೇ ಅಂದದ್ದು. ಕಿರುಚಲೂ ಇಲ್ಲ. ಇಡೀ ರಂಗಮಂದಿರ ಕಲ್ಲಾಯಿತು. ಮೈಗೆ ಹತ್ತಿದ ಅಭ್ಯಾಸ ಅದು. ಗಿಣಿಯ ಬಾಯಿ ತೆರೆದೇ ಇತ್ತು. ಕ್ರಾಂತಿಯ ಕೈ ಗಾಳಿಯಲ್ಲೇ ನಿಂತಿತು. ಅವನು ಕತ್ತನ್ನಷ್ಟೇ ಎತ್ತಿ ಮೇಲಿನ ದೀಪಗಳನ್ನು ನೋಡಿದ.

"ಏನಾಯ್ತೇ? ಏನು ಬೀಳ್ತಿದೆ?"

"ಬಿಡಿ ಅಂತ ನಾನು ಅಂದಿಲ್ಲ. ಬಾಯಿ ಮುಚ್ಚು."

ಅಮ್ಮನ ಹತ್ತಿರ ಹೋದೆ. "ಏಳಮ್ಮ" ಎಂದೆ. ಅವಳು ಒಂದು ಕೈ ನೆಲಕ್ಕೆ ಊರಿದಳು. ಒಂದು ಮಂಡಿ ಬಿಡಿಸಿದಳು. ಇನ್ನೊಂದು ಬಿಡಿಸಿಕೊಳ್ಳಲಿಲ್ಲ. ನನ್ನ ಭುಜ ಹಿಡಿದು ಎದ್ದು ಸೊಂಟಕ್ಕೆ ಕೈಯಿಟ್ಟು ನಿಂತಳು. ಕ್ರಾಂತಿ ಪೂಸಿ ಹೊಡೆಯುವ ದನಿ ತೆಗೆದ.

"ಅಮ್ಮಾ, ಅವಳ ಮಾತು ಬಿಡಿ. ಇನ್ನೊಂದೇ ಒಂದ್ಸಲ. ಇದು ನಿಮ್ಮಂಥೋರಿಗೋಸ್ಕರಾನೇ ಮಾಡ್ತಿರೋ ನಾಟಕ."

ಅಮ್ಮ ನೆಲ ನೋಡಿದಳು. 

"ಎಲ್ಲಿ ಕೆರೀಲಪ್ಪ? ನೆಲ ಬೆಳಿಗ್ಗೇನೇ ಶುದ್ಧ ಆಯ್ತು. ಆವಾಗಿಂದ ಬರೀ ಮರ ಕೆರೀತಾ ಇದ್ದೀನಿ." ತಗಡನ್ನು ಸೊಂಟಕ್ಕೆ ಸಿಕ್ಕಿಸಿದಳು. "ಕೆಲಸ ಇದ್ರೆ ಬಗ್ತೀನಿ. ನೀನು ನೋಡ್ಲಿ ಅಂತ ಯಾಕೆ ಬಗ್ಲಿ?"

 ಅವಳ ದನಿ ಏರಿರಲಿಲ್ಲ. ನಾಳೆ ಯಾವ ಕಕ್ಕಸು ತೊಳೆಯಬೇಕು ಎಂದು ಕೇಳುವ ದನಿಯಲ್ಲೇ ಹೇಳಿದ್ದಳು.

ಕ್ರಾಂತಿಯ ಮುಖ ಕೆಂಪಾಯಿತು. "ಹೋಗಿ ಹಾಗಾದ್ರೆ. ನೀನೂ ಹೋಗೇ. ಓದೋದನ್ನ ಮರೆತುಬಿಡು."

ನಾನು ಬಾಗಿಲ ಕಡೆ ತಿರುಗಿದೆ. ಅಮ್ಮ ಮಣಿಕಟ್ಟು ಹಿಡಿದಳು. ಆ ಹಿಡಿತ ನನಗೆ ಗೊತ್ತು. ಬಿಡುವ ಹಿಡಿತವಲ್ಲ.

"ಎಲ್ಲಿಗೆ ಹೊರಟೆ? ಓದು. ನಾನು ಇಷ್ಟೊತ್ತು ಮಂಡಿ ಸವೆಸಿದ್ದು ಯಾತಕ್ಕೆ ಅಂದ್ಕೊಂಡೆ?"

ಹೌದು, ಯಾತಕ್ಕೆ? ನಾನು ಕ್ರಾಂತಿಯ ಕುರ್ಚಿ ಎಳೆದು ತಂದು ಅಮ್ಮನ ಹಿಂದೆ ಇಟ್ಟೆ. ಅವಳು ಕೂತಳು. ಕೂರುವ ಮುನ್ನ ಅಭ್ಯಾಸಬಲದಿಂದ ಅಂಗೈಯಲ್ಲಿ ಅದನ್ನು ಒರೆಸಿದಳು, ಆಮೇಲೆ ಕೂತಳು. ನಾನು ಕೈಯಲ್ಲಿದ್ದ ಹಾಳೆಗಳನ್ನು ಕ್ರಾಂತಿಯ ಎದೆಗೆ ಒತ್ತಿದೆ.

"ಕೊನೇಲಿ ನಾನು ಓದ್ಬಹುದು ಅಂತ ನೀನೇ ಮಾತು ಕೊಟ್ಟಿದ್ದೆ. ಎದುರು ಪಾತ್ರ ನೀನು ಓದು. ಗೋಡೆ ಥರ."

ಅವನು ಸುತ್ತ ನೋಡಿದ. ಗೆಳೆಯರು ನೋಡುತ್ತಿದ್ದರು. ಗಿಣಿ ನೋಡುತ್ತಿದ್ದಳು. ಹೊರಗಿನ ಬೆಂಚಿನವರೆಲ್ಲ ಬಾಗಿಲಲ್ಲಿ ಗುಂಪುಗಟ್ಟಿದ್ದರು. ಇಷ್ಟು ಜನರ ಮುಂದೆ ಕೊಟ್ಟ ಮಾತಿಗೆ ತಪ್ಪಿದರೆ ಕ್ರಾಂತಿ ಎಂಬ ಹೆಸರು ಏನಾಗಬೇಡ? ಹಾಳೆ ಬಿಡಿಸಿದ.

"ಏ, ಇಲ್ಲಿ ಕಲೆ ಇದೆ. ಕಾಣಲ್ವಾ?"

"ಕಾಣಲ್ಲ."

"ಬಗ್ಗು."

ನಾನು ನಿಂತೆ. ಟೇಪಿನ ಗುರುತಿಲ್ಲದ ನೆಲ. ಆದರೂ ಬೆಳಕು ಎಲ್ಲಿ ಬೀಳುತ್ತದೆ ಎಂದು ನನಗೆ ಗೊತ್ತಿತ್ತು. ಅದನ್ನು ಅಲ್ಲಿ ತೂಗುಹಾಕಿದವಳು ನಾನೇ.

"ಇನ್ನೂ ಬಗ್ಗು." ಅವನು ತಲೆಯೆತ್ತಿದ. "ಇಲ್ಲಿ ನೀನು ಬಗ್ಬೇಕು ಕಣೇ."

"ಓದು."

"ಬಗ್ಗು."

ನಾನು ಅವನ ಕಣ್ಣನ್ನೇ ನೋಡುತ್ತಿದ್ದೆ. ರೆಪ್ಪೆ ಬಡಿಯಲಿಲ್ಲ. ಬಾಗಿಲಲ್ಲಿ ಯಾರೋ ಕಿಸಕ್ಕೆಂದು ನಕ್ಕರು. ಅವನ ಕಿವಿಯವರೆಗೂ ರಕ್ತ ನುಗ್ಗಿತು.

"ಬಗ್ಗೇ! ಬಗ್ಗೇ ಅಂದ್ರೆ ಬಗ್ಬೇಕು! ಕಸದವಳ ಮಗಳಿಗೆ ಎಷ್ಟು ಕೊಬ್ಬು ನೋಡು!"

ಹಾಳೆಗಳು ಕೆಳಗೆ ಬಿದ್ದಿದ್ದವು. ಅವನ ಕೈ ನನ್ನ ಕತ್ತಿನ ಹತ್ತಿರ ಬಂದಿತ್ತು. ಅಲ್ಲೇ ನಿಂತಿತು. ಆ ಸಾಲು ಅವನು ಬರೆದ ನಾಟಕದಲ್ಲಿ ಇರಲಿಲ್ಲ. ಎಲ್ಲರಿಗೂ ಗೊತ್ತಿತ್ತು, ಇರಲಿಲ್ಲ. ಬೆಳಿಗ್ಗೆಯಿಂದ ಎಲ್ಲರಿಗೂ ಬಾಯಿಪಾಠ ಆಗಿತ್ತಲ್ಲ.

'ಇನ್ನು ಬಗ್ಗಲ್ಲ' ಎಂದು ನಾನು ಕೂಗಲಿಲ್ಲ. ಆ ಸಾಲು ಅವನದು, ಅವನೇ ಇಟ್ಟುಕೊಳ್ಳಲಿ. ನಾನು ಬಗ್ಗಲಿಲ್ಲ, ಅಷ್ಟೇ. ಅವನ ಕೈ ಹಿಂದೆ ಸರಿಯಿತು. ಜೇಬಿಗೆ ಸೇರಿತು.

ಅಮ್ಮ ಕುರ್ಚಿಯಿಂದ ಎದ್ದಳು. "ಮುಗೀತಾ? ಚೆನ್ನಾಗಿತ್ತು," ಎಂದಳು. ಗಿಣಿಯ ಮುಂದೆ ಹೋಗಿ ಕೈ ಚಾಚಿದಳು. "ಕೊಡಮ್ಮ, ನನ್ನ ಏಪ್ರನ್ನು. ಒಗೀಬೇಕು." ಗಿಣಿ ತಲೆ ತಗ್ಗಿಸಿ ಬಿಚ್ಚಿ ಕೊಟ್ಟಳು. ಬಾಗಿಲಲ್ಲಿ ನಡುಕ ಎಂಬ ಹುಡುಗಿ ಗುಂಪನ್ನು ಸರಿಸಿ ನಮಗೆ ದಾರಿ ಮಾಡಿದಳು. ಅವಳ ಕೈ ನಡುಗುತ್ತಿರಲಿಲ್ಲ.

ಆಮೇಲೆ ಏನಾಯಿತು ಎಂದು ಕೇಳಿದರೆ, ಆಗುವುದೇ ಆಯಿತು. ಶಿಸ್ತಿಲ್ಲದವಳೆಂದು ನನ್ನನ್ನು ತಂಡದಿಂದ ತೆಗೆದರು. ಅಮ್ಮನನ್ನು ಹಾಸ್ಟೆಲಿನ ಮೋರಿ ಕೆಲಸಕ್ಕೆ ಹಾಕಿದರು. ಗಿಣಿ ಬ್ರಶ್ಶು ಎಸೆದು 'ಇನ್ನು ಬಗ್ಗಲ್ಲ' ಎಂದು ಕೂಗಿದಳು, ನಾಟಕಕ್ಕೆ ಬಹುಮಾನ ಬಂತು, ಕ್ರಾಂತಿಯ ಫೋಟೊ ಗೋಡೆಗೇರಿತು. ಅದರ ಟೇಪು ಮಾತ್ರ ಇನ್ನೂ ಆ ನೆಲದ ಮೇಲೇ ಇದೆ. ಕಪ್ಪಾಗಿ ಮರಕ್ಕೆ ಕಚ್ಚಿಕೊಂಡಿದೆ. ಅದನ್ನು ತೆಗೆಯುವ ತಗಡು ನಮ್ಮ ಮನೆಯಲ್ಲಿದೆ. ಕೇಳಿಕೊಂಡು ಬಂದವರಿಗೆ ಅಮ್ಮ ಇಲ್ಲ ಎಂದು ಹೇಳಿ ಕಳಿಸಿದ್ದಾಳೆ.

ಅವತ್ತು ನಾವು ಹೊರಗಿನ ಮೆಟ್ಟಿಲು ಇಳಿಯುತ್ತಿದ್ದಾಗ ಒಳಗಿಂದ ಕ್ರಾಂತಿಯ ದನಿ ಕೇಳಿಸಿತು. ಅವನ ಗೆಳೆಯರು ಎದ್ದಿರಲಿಲ್ಲವೋ, ಹುಡುಗಿಯರು ಜಾಗ ಬಿಟ್ಟು ಕದಲಿರಲಿಲ್ಲವೋ, ನನಗೆ ಗೊತ್ತಿಲ್ಲ.

"ಏಯ್! ಹೋಲ್ಡ್ ಬಿಟ್ಟು ಹೋಗೇ! ಬಿಡಿ ಅನ್ನು!"

ಅಮ್ಮ ನನ್ನ ಮುಖ ನೋಡಿದಳು. ನಾನು ಅನ್ನಲಿಲ್ಲ. ಇವತ್ತಿನವರೆಗೂ ಅಂದಿಲ್ಲ.